ಶಾಸನದ ಹುಟ್ಟೂ ಜಾರಿಯ ದಿನವೂ: ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯನ್ನು ಕುರಿತ ಒಂದು ವಿಚಾರ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಎಡೆಗಳಲ್ಲಿ ಅಶೋಕನ ಶಾಸನಗಳಿರುವುದೂ, 1892ರಲ್ಲಿ ಬಿ. ಎಲ್. ರೈಸ್ ಅವರು ಅವುಗಳನ್ನು ಬೆಳಕಿಗೆ ತಂದುದೂ ವಿದ್ವಾಂಸರಿಗೆ ವಿದಿತವೇ ಆಗಿದೆ. ಆ ರಾಜಾಜ್ಞೆಯು ಸುವರ್ಣಗಿರಿಯ ಆರ್ಯಪುತ್ರನಿಂದಲೂ ಅಲ್ಲಿಯ ಮಹಾಮಾತ್ರರಿಂದಲೂ ಇಸಿಲದ ಮಹಾಮಾತ್ರರಿಗೆ ಕಳುಹಿಸಲ್ಪಟ್ಟುದು. ಆಜ್ಞೆಗೆ ಮುನ್ನ ಅವರ ಆರೋಗ್ಯವನ್ನು ವಿಚಾರಿಸಬೇಕೆಂಬ ಮಾತೂ ಅದರಲ್ಲಿದೆ. ಯಾರ ಮಾತು, ಯಾರ ಮೂಲಕ, ಯಾರಿಗೆ ಎಂಬುದೆಲ್ಲವೂ ಕಲ್ಲಿನಲ್ಲಿ ಸ್ಪಷ್ಟವಾಗಿರುವುದರಿಂದ, ಆಜ್ಞೆ ನಡೆಯದಿದ್ದಲ್ಲಿ ಯಾರನ್ನು ಕೇಳಬೇಕೆಂಬ ಸಂದೇಹವೇ ಹುಟ್ಟದು. ಶಿಲೆಯ ಬರಹಕ್ಕೂ ಸಭೆಯ ಕಾಯಿದೆಗೂ ಕನ್ನಡದಲ್ಲಿ ಶಾಸನವೆಂಬ ಒಂದೇ ಹೆಸರು. ಆದರೆ ಎರಡನೆಯ ಬಗೆಯ ಶಾಸನಕ್ಕೆ ಈ ಸ್ಪಷ್ಟತೆ ಯಾವಾಗಲೂ ಇರುವುದಿಲ್ಲವೆಂಬುದಕ್ಕೆ ಇದೇ ಸೀಮೆಯ ದುಡಿಮೆಗಾರರಿಗೆ ಸಂಬಂಧಪಟ್ಟ 1948ರ ಕಾರ್ಮಿಕರ ರಾಜ್ಯ ವಿಮಾ ಶಾಸನವು ನಿದರ್ಶನವಾಗಿದೆ.

ಕಾರ್ಖಾನೆಯ ಒಡೆಯನು ತನ್ನ ಆಳುಗಳ ಚಿಕಿತ್ಸೆಗಾಗಿ ವಿಮಾ ಹಣವನ್ನು ತೆರಲೇಬೇಕೆಂಬ ವಿಧಿ ಹಿಂದೂಸ್ಥಾನದಲ್ಲಿ ಈ ಶಾಸನದಿಂದ ಆರಂಭವಾಯಿತು. ಇದಕ್ಕೆ ಆಧಾರವಾದ ವರದಿಯನ್ನು ಬಿ. ಪಿ. ಅದರ್ಕರ್ ಅವರು 1944ರಲ್ಲಿ ಸಲ್ಲಿಸಿದರು. ಮಸೂದೆಯು 1946ರಲ್ಲಿ ಮಂಡಿಸಲ್ಪಟ್ಟು 1948ರ ಏಪ್ರಿಲ್ ತಿಂಗಳಿನಲ್ಲಿ ಅಂಗೀಕೃತವಾಯಿತು. ಆದರೆ ಕಾನಪುರದಲ್ಲಿಯೂ ದೆಹಲಿಯಲ್ಲಿಯೂ ಯೋಜನೆಯು ಕಾರ್ಯರೂಪಕ್ಕೆ ಬಂದುದು 1952ರ ಫೆಬ್ರವರಿ 24ರಂದು. ಬೆಂಗಳೂರಿಗೆ ಬಂದುದು 1958ರಲ್ಲಿ. ಹುಟ್ಟಿಗೂ ನಡೆಗೂ ನಡುವೆ ಮೊದಲು ನಾಲ್ಕು ವರ್ಷ, ಮೈಸೂರು ರಾಜ್ಯಕ್ಕೆ ಹತ್ತು ವರ್ಷ.

ಮೀಮಾಂಸಕರು ವಿಧಿಗಳನ್ನು ವಿಂಗಡಿಸುವಾಗ ಉತ್ಪತ್ತಿವಿಧಿಯನ್ನೂ ಪ್ರಯೋಗವಿಧಿಯನ್ನೂ ಬೇರೆಬೇರೆಯಾಗಿ ಎಣಿಸುತ್ತಾರೆ. ಕರ್ಮದ ಸ್ವರೂಪವನ್ನು ತಿಳಿಸುವುದು ಮೊದಲನೆಯದು. ವಿಳಂಬವಿಲ್ಲದೆ ಅದನ್ನು ಅನುಷ್ಠಾನ ಮಾಡಬೇಕೆಂದು ಬೋಧಿಸುವುದು ಎರಡನೆಯದು. ಲೌಗಾಕ್ಷಿ ಭಾಸ್ಕರನ ಅರ್ಥಸಂಗ್ರಹದಲ್ಲಿ ಪ್ರಯೋಗವಿಧಿಯ ಲಕ್ಷಣವನ್ನೇ ಈ ಶೀಘ್ರತೆಯಿಂದ ಹೇಳಿದೆ. ಈ ಪರಿಭಾಷೆಯಲ್ಲಿ ನೋಡಿದರೆ 1948ರ ಶಾಸನದಲ್ಲಿ ಉತ್ಪತ್ತಿವಿಧಿ ಸಂಪೂರ್ಣವಾಗಿದ್ದಿತು, ಪ್ರಯೋಗವಿಧಿ ಇರಲಿಲ್ಲ. ಅದರ ಒಂದನೆಯ ಪ್ರಕರಣದ ಮೂರನೆಯ ಉಪಪ್ರಕರಣವು ಜಾರಿಯ ದಿನವನ್ನು ಕೇಂದ್ರ ಸರ್ಕಾರವು ಗೆಜೆಟ್ ಪ್ರಕಟನೆಯಿಂದ ಗೊತ್ತುಮಾಡಬಹುದೆಂದೂ, ಬೇರೆಬೇರೆ ರಾಜ್ಯಗಳಿಗೂ ಅವುಗಳ ಬೇರೆಬೇರೆ ಭಾಗಗಳಿಗೂ ಬೇರೆಬೇರೆ ದಿನಗಳನ್ನು ಇಡಬಹುದೆಂದೂ ಹೇಳಿತು. ಕೊನೆಯ ಗಡುವೊಂದನ್ನು ಹೇಳಲಿಲ್ಲ.

ವಿಳಂಬಕ್ಕೆ ಕಾರಣಗಳಿಲ್ಲದೆ ಇರಲಿಲ್ಲ. ತಮ್ಮ ಊರಿನಲ್ಲಿ ಮಾತ್ರ ಮೊದಲು ಜಾರಿಯಾದರೆ ಇತರ ಊರುಗಳ ಸ್ಪರ್ಧೆಯಲ್ಲಿ ತಾವು ಸೋಲುವೆವೆಂದು ಒಡೆಯರು ಆಕ್ಷೇಪಿಸಿದರು. ಇದನ್ನು ಪರಿಹರಿಸಲು 1951ರ ತಿದ್ದುಪಡಿಯು ಜಾರಿಯಾಗದ ಪ್ರದೇಶಗಳ ಒಡೆಯರೂ ವಿಶೇಷ ವಂತಿಗೆಯನ್ನು ಕೊಡಬೇಕೆಂದು ವಿಧಿಸಿತು. ಜಾರಿಯಾದ ಕಡೆ ಅದರ ದರ ಹೆಚ್ಚು, ಆಗದ ಕಡೆ ಕಡಿಮೆ. ಔಷಧಾಲಯವಿಲ್ಲದ ಊರಿನಿಂದಲೂ ಹಣ ಬರತೊಡಗಿತು. ಚಿಕಿತ್ಸೆಯ ಏರ್ಪಾಡಾದರೋ ರಾಜ್ಯ ಸರ್ಕಾರದ ಹೊಣೆ. ಹೀಗೆ ದಿನವನ್ನಿಡುವುದು ದೆಹಲಿಯಲ್ಲಿ, ವೈದ್ಯರನ್ನು ನೇಮಿಸುವುದು ಬೆಂಗಳೂರಿನಲ್ಲಿ. ಸಂಸತ್ತಿನಲ್ಲಿ ಪ್ರಶ್ನೆ ಹುಟ್ಟಿದರೆ ರಾಜ್ಯದ ಕಡೆಗೂ, ರಾಜ್ಯದ ಸಭೆಯಲ್ಲಿ ಹುಟ್ಟಿದರೆ ಕೇಂದ್ರದ ಕಡೆಗೂ ಬೆರಳು ತೋರಲು ಅವಕಾಶವಾಯಿತು. 1881ರಲ್ಲಿ ರಂಗಾಚಾರ್ಲು ಅವರ ಕಾಲದಲ್ಲಿ ಸ್ಥಾಪಿತವಾದ ಪ್ರಜಾಪ್ರತಿನಿಧಿ ಸಭೆಗೆ ಶಾಸನ ಮಾಡುವ ಅಧಿಕಾರ ಮೊದಲಿಗೆ ಇರದಿದ್ದರೂ ಅಹವಾಲನ್ನು ಕೇಳತಕ್ಕವರು ಎದುರಿಗೇ ಕುಳಿತಿರುತ್ತಿದ್ದರು. ಅಧಿಕಾರ ಹೆಚ್ಚಿದ ಸಭೆಗಳಿಗೆ ಆ ಸೌಕರ್ಯ ತಪ್ಪಿತು.

ಈ ಎರಡು ತಾಲ್ಲೂಕುಗಳ ಉದ್ಯಮಗಳನ್ನು ಶಾಸನದ ಅಕ್ಷರಗಳೊಡನೆ ಇಟ್ಟು ನೋಡಿದರೆ ವಿಷಯವು ಇನ್ನೂ ಸೂಕ್ಷ್ಮವಾಗುತ್ತದೆ. ಚಳ್ಳಕೆರೆ ಶೇಂಗಾ ಬೆಳೆಯ ನಾಡು, ಎಣ್ಣೆ ಗಿರಣಿಗಳ ಪೇಟೆ. ಶಾಸನವು ಋತುಕಾರ್ಖಾನೆಗಳನ್ನು ತನ್ನ ವ್ಯಾಪ್ತಿಯಿಂದ ಬಿಟ್ಟಿದ್ದಿತು. 1966ರ ತಿದ್ದುಪಡಿಯ ಲಕ್ಷಣವಾಕ್ಯದಲ್ಲಿ ಹತ್ತಿ ಬಿಡಿಸುವುದು, ಬೆಲ್ಲ ಸಕ್ಕರೆ ಮಾಡುವುದು ಇವುಗಳ ಜೊತೆಗೆ ಶೇಂಗಾ ಸುಲಿಯುವುದೂ ಹೆಸರೆತ್ತಿ ಹೇಳಲ್ಪಟ್ಟಿದೆ. ಸುಲಿಯುವುದೊಂದನ್ನೇ ಮಾಡುವ ಗಿರಣಿ ಹೊರಗೆ ಉಳಿಯುವುದರಲ್ಲಿ ಸಂದೇಹವಿಲ್ಲ. ಸುಲಿದು ಎಣ್ಣೆಯನ್ನೂ ತೆಗೆಯುವ ಗಿರಣಿಯ ಪಾಡೇನು? ಎಣ್ಣೆ ತೆಗೆಯುವುದನ್ನು ಪಟ್ಟಿಯು ಹೆಸರಿಸುವುದಿಲ್ಲ. ಆದರೆ ಹೇಳಿದ ಕ್ರಿಯೆಗಳಿಗೆ ಸಂಬಂಧಪಟ್ಟ ಕ್ರಿಯೆಯೂ ಸೇರುವುದೆಂಬ ಮಾತೊಂದು ಅಲ್ಲಿದೆ. ಆ ಒಂದು ಪದದ ಅರ್ಥದ ಮೇಲೆ ಹಮಾಲಿಯ ಚಿಕಿತ್ಸೆ ನಿಂತಿತು. ಮೊಳಕಾಲ್ಮೂರಿನಲ್ಲಿಯಾದರೆ ರೇಷ್ಮೆ ಸೀರೆಯ ನೇಕಾರನು ಮನೆಯ ಗುಂಡಿಮಗ್ಗದಲ್ಲಿ ಕುಳಿತವನು. ಯಂತ್ರಶಕ್ತಿಯೂ ಇಪ್ಪತ್ತು ಮಂದಿಯೂ ಇದ್ದರೆ ಮಾತ್ರ ಕಾರ್ಖಾನೆ ಎಂದ 1948ರ ಲಕ್ಷಣಕ್ಕೆ ಅವನು ಎಟುಕಲಿಲ್ಲ. ಯಂತ್ರಶಕ್ತಿಯಿರಲಿ ಇಲ್ಲದಿರಲಿ ಹತ್ತು ಮಂದಿ ಸಾಕೆಂದ 2010ರ ತಿದ್ದುಪಡಿಗೂ ಎಟುಕಲಿಲ್ಲ. ಜಾರಿಯ ದಿನ ಬಂದರೂ ಬಾರದ ಜನರಿವರು.

ದಿನವನ್ನು ಸರ್ಕಾರದ ಕೈಗೆ ಒಪ್ಪಿಸಿದುದು ಸಾಧುವೇ ಎಂಬ ಪ್ರಶ್ನೆಯು 1964ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಬಸಂತಕುಮಾರ ಸರ್ಕಾರ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ವ್ಯಾಜ್ಯದಲ್ಲಿ ವಾದಿಸಿದವರು ಬಿಹಾರದ ಕುಮಾರಧುಬಿಯ ಕಾರ್ಮಿಕರು. ಅವರ ತಕರಾರು ವಿಳಂಬದ ಮೇಲಲ್ಲ, ಜಾರಿಯ ಮೇಲೆಯೇ ಎಂಬುದು ವಿಚಿತ್ರ. ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡಕರ್ ಅವರು ಇದು ಶಾಸನಾಧಿಕಾರದ ಹಸ್ತಾಂತರವಲ್ಲ, ಷರತ್ತಿಗೊಳಪಟ್ಟ ಶಾಸನವೆಂದು ನಿರ್ಣಯಿಸಿದರು. ಇಷ್ಟು ವಿಶಾಲವಾದ ಯೋಜನೆ ಒಮ್ಮೆಲೇ ಎಲ್ಲೆಡೆ ನಡೆಯಲಾರದೆಂಬ ಅವರ ಕಾರಣ ಒಪ್ಪತಕ್ಕುದೇ. ಆದರೆ ತೀರ್ಪು ಅಧಿಕಾರವುಂಟೆಂದು ಹೇಳಿತೇ ಹೊರತು ಅದನ್ನು ಬಳಸದೆ ಕುಳಿತರೆ ಕೇಳುವವರು ಯಾರೆಂಬುದನ್ನು ಹೇಳುವ ಸಂದರ್ಭ ಅಲ್ಲಿರಲಿಲ್ಲ. ಮುಂದೆ ಎ. ಕೆ. ರಾಯ್ ಅವರ ಮೊಕದ್ದಮೆಯಲ್ಲಿ, ಸಂವಿಧಾನದ 44ನೆಯ ತಿದ್ದುಪಡಿಯ ಒಂದು ಪ್ರಕರಣವನ್ನು ಜಾರಿಗೆ ತರುವಂತೆ ಸರ್ಕಾರಕ್ಕೆ ಆಜ್ಞಾಪಿಸಲು ಅದೇ ನ್ಯಾಯಾಲಯವು ಒಪ್ಪಲಿಲ್ಲ. ಉಳಿದುದು ಶಾಸನಸಭೆಯೊಂದೇ.

ಸಭೆಗೆ ಇದ್ದ ಸಾಧನಗಳು ಅಲ್ಪವಲ್ಲ. ವಿಮಾ ನಿಗಮದಲ್ಲಿ ಸಂಸತ್ತಿನಿಂದ ಚುನಾಯಿತರಾದ ಸದಸ್ಯರಿದ್ದರು. ವಾರ್ಷಿಕ ವರದಿಯೂ ಲೆಕ್ಕವೂ ಸಂಸತ್ತಿನ ಮುಂದೆ ಬರಬೇಕಾಗಿದ್ದಿತು. 1953ರಲ್ಲಿ ಲೋಕಸಭೆಯ ಅಧೀನ ಶಾಸನ ಸಮಿತಿ ಏರ್ಪಟ್ಟಿತು. ಕಾಯಿದೆ ಜಾರಿಗೆ ಬಂದ ಆರು ತಿಂಗಳೊಳಗೆ ನಿಯಮಗಳಾಗಬೇಕೆಂದು ಆ ಸಮಿತಿಯು ಹೇಳುತ್ತ ಬಂದಿದೆ. ಲೋಪವಿರುವುದು ಇಲ್ಲಿಯೇ: ಆ ಆರು ತಿಂಗಳ ಎಣಿಕೆ ಜಾರಿಯ ದಿನದಿಂದ ಮೊದಲಾಗುತ್ತದೆ. ಜಾರಿಯೇ ಆಗದಿದ್ದರೆ ಎಣಿಕೆಯೇ ಇಲ್ಲ. ನಿಯಮಗಳನ್ನು ಸಂಸತ್ತಿನ ಮುಂದಿಡಬೇಕೆಂಬ ಮಾತು ಶಾಸನದಲ್ಲಿ ಸೇರಿದ ಮೇಲೂ ಜಾರಿಯ ಪ್ರಕಟನೆ ನಿಯಮವೆಂಬ ಗಣನೆಗೆ ಬರಲಿಲ್ಲ.

ಅಮೆರಿಕದಲ್ಲಿ ಇದರ ವಿಪರ್ಯಾಸವು ಕಂಡುಬರುತ್ತದೆ. 2010ರ ಅಲ್ಲಿಯ ಆರೋಗ್ಯ ಶಾಸನವು ಐವತ್ತು ಮತ್ತು ಅದಕ್ಕೆ ಮೇಲ್ಪಟ್ಟು ನೌಕರರುಳ್ಳ ಒಡೆಯರ ಹೊಣೆಗೆ 2014ರ ಆರಂಭವನ್ನು ತಾನೇ ಗೊತ್ತುಮಾಡಿದ್ದಿತು. 2013ರ ಜುಲೈ 2ರಂದು ಸರ್ಕಾರವು ಅದನ್ನು ಒಂದು ವರ್ಷ ಮುಂದಕ್ಕೆ ಹಾಕಿತು. ಪ್ರತಿನಿಧಿ ಸಭೆಯು ಅದೇ ವಿಳಂಬವನ್ನು ಅಧಿಕೃತಗೊಳಿಸುವ ಮಸೂದೆಯನ್ನು ಜುಲೈ 17ರಂದು ಅಂಗೀಕರಿಸಿತು. ಮುಂದಿನ ವರ್ಷ ವ್ಯಾಜ್ಯ ಹೂಡಲೂ ನಿರ್ಣಯಿಸಿತು. 2015ರಲ್ಲಿ ನ್ಯಾಯಾಲಯವು ಆ ಅಂಶದಲ್ಲಿ ಸಭೆಗೆ ವ್ಯಾಜ್ಯದ ಹಕ್ಕಿಲ್ಲವೆಂದಿತು. ಅಲ್ಲಿ ಫಲ ಸಿಕ್ಕದಿದ್ದರೂ ತಪ್ಪಿದ ದಿನ ಯಾವುದೆಂದು ಸಭೆಗೆ ಗೊತ್ತಿದ್ದಿತು. ಇಲ್ಲಿ ತಪ್ಪಲು ದಿನವೇ ಇರಲಿಲ್ಲ.

1948ರ ಶಾಸನದ ಸ್ಥಾನಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು 2020ರ ಸೆಪ್ಟೆಂಬರ್ 28ರಂದು ರಾಷ್ಟ್ರಪತಿಗಳ ಅಂಕಿತವನ್ನು ಪಡೆಯಿತು. ಅದರಲ್ಲಿಯೂ ದಿನವು ಸರ್ಕಾರಕ್ಕೇ ಬಿಡಲ್ಪಟ್ಟಿತು. ಆಧಾರ್ ಸಂಖ್ಯೆಗೆ ಸಂಬಂಧಿಸಿದ 142ನೆಯ ಪ್ರಕರಣವೊಂದು 2021ರ ಮೇ 3ರಂದೇ ಜಾರಿಗೆ ಬಂದಿತು; ಸಂಹಿತೆಯ ಬಹುಭಾಗವು 2025ರ ನವೆಂಬರ್ 21ರವರೆಗೆ ಕಾದಿದ್ದಿತು. ನಡುವೆ ಸದಸ್ಯರು ಕೇಳಿದಾಗಲೆಲ್ಲ ರಾಜ್ಯಗಳೂ ನಿಯಮಗಳನ್ನು ಮಾಡಬೇಕೆಂಬ ಉತ್ತರ ಬಂದಿತು. ಹತ್ತು ಮಂದಿಯ ಎಣಿಕೆಯೂ ಋತುಕಾರ್ಖಾನೆಯ ವಿನಾಯಿತಿಯೂ ಹೊಸ ಸಂಹಿತೆಯಲ್ಲಿ ಉಳಿದಿವೆ. ಹತ್ತಕ್ಕಿಂತ ಕಡಿಮೆ ಆಳುಗಳುಳ್ಳ ಮೊಳಕಾಲ್ಮೂರಿನ ಮಗ್ಗದ ಮನೆಯವರು, ಒಡೆಯನೂ ಆಳುಗಳಲ್ಲಿ ಹೆಚ್ಚಿನವರೂ ಒಪ್ಪಿದಲ್ಲಿ, ತಾವಾಗಿಯೇ ಸೇರಿಕೊಳ್ಳಬಹುದೆಂಬ ಅವಕಾಶವೊಂದು ಮಾತ್ರ ಹೊಸದು.