ಕಾಕನಕೋಟೆಯ ಖೆಡ್ಡಾ: ಉಳಿದ ನೆನಪು, ಅಳಿದ ನೆನಪು

ಹೆಗ್ಗಡದೇವನಕೋಟೆಯ ಸೀಮೆಗೆ ಸೇರಿದ ಕಾಕನಕೋಟೆಯ ಅರಣ್ಯದಲ್ಲಿ ಹೈದರಾಲಿಯು ತನ್ನ ಸೈನ್ಯಬಲವನ್ನೆಲ್ಲ ತೊಡಗಿಸಿ ಕಾಡಾನೆಗಳನ್ನು ಹಿಡಿಯಹೊರಟು ವಿಫಲನಾದ ಮೇಲೆ, ಈ ಕಾರ್ಯವು ಮುಂದೆ ಯಾರಿಂದಲೂ ಆಗದೆಂದೂ, ಕೈಹಾಕಿದವರಿಗೆ ತನ್ನ ಶಾಪವಿದೆಯೆಂದೂ ಕಲ್ಲಿನಲ್ಲಿ ಕೆತ್ತಿಸಿದನೆಂಬುದಾಗಿ ಸ್ಯಾಂಡರ್‌ಸನ್ ಎಂಬ ಆಂಗ್ಲ ಅಧಿಕಾರಿಯು 1878ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬರೆದಿರುವನು. ಅರಸನಿಗೆ ಅತಿಮುಖ್ಯವೆನಿಸಿದುದು ಶಿಲೆಯನ್ನೇರಿತು. ಆದರೆ ಸ್ಯಾಂಡರ್‌ಸನ್ನನಿಗೆ ಅದು ಮುಖ್ಯವೆನಿಸಲಿಲ್ಲ. 1874ರಲ್ಲಿ ಚಾಮರಾಜನಗರದ ಬಳಿ ಅವನು ಹಿಂಡನ್ನೇ ಹಿಡಿದನು.

ಮುಂದೆ ಕಾಕನಕೋಟೆಯ ಖೆಡ್ಡಾ ಲೋಕಪ್ರಸಿದ್ಧವಾಯಿತು. ಹಿಂಡನ್ನು ಕಪಿಲೆಯ, ಎಂದರೆ ಕಬಿನಿ ಹೊಳೆಯ, ನೀರಿಗಿಳಿಸಿ ದಿಮ್ಮಿಗಳ ಬೇಲಿಯೊಳಕ್ಕೆ ಅಟ್ಟುವ ಆ ನೋಟಕ್ಕೆ ದೂರದೇಶದ ರಾಜಕುಮಾರರೂ ಅತಿಥಿಗಳಾಗಿ ಬಂದರು. ಸಿಕ್ಕಿದ ಆನೆಗಳೆಷ್ಟು, ಬಂದ ಗಣ್ಯರಾರು ಎಂಬುದು ಬರೆಹದಲ್ಲಿ ಉಳಿಯಿತು. ಇದನ್ನು ತಪ್ಪೆನ್ನಲಾರೆ, ಲೆಕ್ಕವನ್ನು ಒಪ್ಪಿಸಬೇಕಾದವನು ಲೆಕ್ಕವನ್ನೇ ನೆನೆಯುವನು. ಆದರೆ ಹಿಂಡು ಎಲ್ಲಿದೆಯೆಂದು ಮೊದಲು ಅರಿಯಬೇಕಾಗಿದ್ದವರು ಆ ಕಾಡಿನ ನಿವಾಸಿಗಳಾದ ಜೇನುಕುರುಬರು ಮತ್ತು ಬೆಟ್ಟಕುರುಬರು. ಲದ್ದಿಯನ್ನು ಮುಟ್ಟಿ ಅದರ ಬಿಸಿಯಿಂದ ಹಿಂಡು ಹೋಗಿ ಎಷ್ಟು ಹೊತ್ತಾಯಿತೆಂದು ಹೇಳುವುದು, ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಇಮ್ಮಡಿಸಿ ಆನೆಯ ಎತ್ತರವನ್ನು ಊಹಿಸುವುದು, ಯಾವ ಮೊಳಕೆಬಿದಿರಿನ ಮೆಳೆಗೆ ಅದು ಯಾವ ತಿಂಗಳಿನಲ್ಲಿ ಬರುವುದೆಂದು ತಿಳಿದಿರುವುದು, ಇವೆಲ್ಲವೂ ಮರೆತರೆ ಪ್ರಾಣಕ್ಕೇ ಸಂಚಕಾರ ತರುವ ಸಂಗತಿಗಳಾದುದರಿಂದ ಬರೆಹದ ಹಂಗಿಲ್ಲದೆ ತಂದೆಯಿಂದ ಮಗನಿಗೆ ಸಾಗಿ ಬಂದವು.

1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ಹಿನ್ನೀರು ಖೆಡ್ಡಾದ ನೆಲವನ್ನೇ ಮುಚ್ಚಿತು. ಕುರುಬರ ಎಷ್ಟೋ ಹಾಡಿಗಳು ಕಾಡಿನಿಂದ ಹೊರಬಿದ್ದವು. ಕೇಳುವವರಿಲ್ಲದ ಮೇಲೆ ತಿಳಿವಳಿಕೆಯು ಎಷ್ಟು ಕಾಲ ನಿಂತೀತು? ಆನೆ ಶಿಬಿರಗಳ ಮಾವುತರಲ್ಲಿಯೂ ಕಾವಾಡಿಗಳಲ್ಲಿಯೂ ಅದರ ಒಂದಂಶ ಉಳಿದಿದೆ, ಏಕೆಂದರೆ ಅಲ್ಲಿ ಇಂದಿಗೂ ಅದರಿಂದ ಕೆಲಸವಿದೆ.

ನಾಡಿನ ಜನಕ್ಕಾದರೋ ಮುಖ್ಯವಾದುದು ದಸರೆ. 1968ರಲ್ಲಿ ಇದೇ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಸಿಕ್ಕಿ, 2012ರಿಂದ 2019ರವರೆಗೆ ಎಂಟು ಬಾರಿ ಚಿನ್ನದ ಅಂಬಾರಿಯನ್ನು ಹೊತ್ತು, 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆಯೊಡನೆ ಕಾದಿ ಮಡಿದ ಅರ್ಜುನನೆಂಬ ಆನೆಯ ಹೆಸರನ್ನು ಮೈಸೂರು ಜಿಲ್ಲೆಯ ಮಕ್ಕಳೂ ಬಲ್ಲರು. ಅವನನ್ನು ಬೇಲಿಯೊಳಕ್ಕೆ ಅಟ್ಟಿದ ಕುರುಬರ ಹೆಸರುಗಳನ್ನು ಯಾರೂ ಅಷ್ಟು ಅಕ್ಕರೆಯಿಂದ ಹೇಳುವುದಿಲ್ಲ. ಆ ಕೊನೆಯ ಖೆಡ್ಡಾಗಳಲ್ಲಿ ತಮಟೆ ಬಡಿದ ಹುಡುಗರಿಗೆ ಈಗ ಎಪ್ಪತ್ತು ದಾಟಿರಬೇಕು. ಹೆಗ್ಗಡದೇವನಕೋಟೆ ಹುಣಸೂರುಗಳ ಹಾಡಿಗಳಿಗೆ ಹೋಗಿ ಅವರ ಮಾತನ್ನು ಕೇಳಿ ಬರೆದುಕೊಳ್ಳಬಲ್ಲವರು ಇನ್ನು ತಡಮಾಡಬಾರದು.