ಸವೆದ ಬೂಟಿನ ವಿಜ್ಞಾನ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತುಬಿದ್ದವು. ಸುತ್ತಲ ಹಳ್ಳಿಗಳಲ್ಲಿ, ಕಾಡಿಗೆ ಹೋಗಿಬಂದವರಿಗೆ ವಿಪರೀತ ಜ್ವರ. ದಕ್ಷಿಣ ಅಮೆರಿಕದಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ಹಳದಿ ಜ್ವರ ಭಾರತಕ್ಕೂ ಬಂತೇ? ಇದೇ ಆತಂಕದಿಂದ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಧಾವಿಸಿದರು. ಸಿಕ್ಕಿದ್ದು ಹೊಸದೊಂದು ವೈರಸ್. ಅದನ್ನು ಹರಡುತ್ತಿದ್ದುದು ಸೊಳ್ಳೆಯಲ್ಲ, ಕಾಡಿನ ಉಣುಗು.

ವೈರಸ್ಸನ್ನು ಗುರುತಿಸುವುದು ಪ್ರಯೋಗಾಲಯದ ಕೆಲಸ, ಸರಿ. ಆದರೆ ಯಾರಿಗೆ ಜ್ವರ ಬಂತು, ಎಂದು ಬಂತು, ಅದಕ್ಕೆ ಮುಂಚೆ ಅವರು ಎಲ್ಲಿಗೆ ಹೋಗಿದ್ದರು, ಜೊತೆಗೆ ಹೋದ ಇನ್ನೊಬ್ಬರಿಗೆ ಏಕೆ ಬರಲಿಲ್ಲ? ಹೀಗೆ ಕೇಳುತ್ತಾ ಮನೆಮನೆ ಸುತ್ತುವುದು ಬೇರೆಯೇ ವಿದ್ಯೆ. ಕ್ಯಾಮೆರಾಕ್ಕೆ ಸೂಕ್ಷ್ಮದರ್ಶಕ ಇಷ್ಟ, ನೋಟ್‌ಬುಕ್ ಹಿಡಿದು ನಡೆಯುವವರು ಅಷ್ಟಾಗಿ ಇಷ್ಟವಿಲ್ಲ. ಈ ತಪ್ಪನ್ನು ನಾನೂ ಮಾಡಿದ್ದೇನೆ.

ಈ ವಿದ್ಯೆಗೊಂದು ಶಾಲೆ ಆರಂಭವಾದದ್ದು 1951ರಲ್ಲಿ, ಅಮೆರಿಕದ ಅಟ್ಲಾಂಟಾದಲ್ಲಿ. ಅದು ಕೊರಿಯಾ ಯುದ್ಧದ ಕಾಲ. ಶತ್ರು ರೋಗಾಣುಗಳನ್ನೇ ಅಸ್ತ್ರವಾಗಿ ಬಳಸಿಯಾನೆಂಬ ಭಯ. ಆ ಭಯವನ್ನೇ ಅವಕಾಶ ಮಾಡಿಕೊಂಡವರು ಡಾ. ಅಲೆಕ್ಸಾಂಡರ್ ಲ್ಯಾಂಗ್‌ಮ್ಯೂರ್. ಯುವ ವೈದ್ಯರಿಗೆ ಎರಡು ವರ್ಷದ ತರಬೇತಿ. ಪಾಠ ಅಲ್ಪ, ಸಾಂಕ್ರಾಮಿಕ ಎದ್ದ ಊರಿಗೆ ಓಟ ಹೆಚ್ಚು. ಅವರ ಲಾಂಛನವನ್ನು ನೋಡಿದರೆ ನೀವು ನಗುತ್ತೀರಿ: ತೂತು ಬಿದ್ದ ಬೂಟಿನ ಅಟ್ಟೆ!

ನಾಲ್ಕೇ ವರ್ಷಕ್ಕೆ ಪರೀಕ್ಷೆ ಎದುರಾಯಿತು. 1955ರಲ್ಲಿ ಹೊಸ ಪೋಲಿಯೊ ಲಸಿಕೆ ಪಡೆದ ಕೆಲವು ಮಕ್ಕಳಿಗೆ ಪೋಲಿಯೊವೇ ಬಂತು. ಎಷ್ಟೋ ಮಕ್ಕಳಲ್ಲಿ ಸೂಜಿ ಚುಚ್ಚಿದ ತೋಳೇ ಮೊದಲು ಸೋತಿತ್ತು. ಹಾಗಾದರೆ ಲಸಿಕೆಯನ್ನೇ ಕೈಬಿಡಬೇಕೇ? ಲ್ಯಾಂಗ್‌ಮ್ಯೂರ್ ಅವರ ತಂಡ ಒಂದೊಂದು ಪ್ರಕರಣದ ಬೆನ್ನುಹತ್ತಿ, ದೋಷ ಮುಖ್ಯವಾಗಿ ಒಂದೇ ತಯಾರಕರ ಲಸಿಕೆಯಲ್ಲಿದೆಯೆಂದು ತೋರಿಸಿತು. ಅದರಲ್ಲಿ ಜೀವಂತ ವೈರಸ್ ಉಳಿದಿತ್ತು. ಆ ಲಸಿಕೆ ಹಿಂದಕ್ಕೆ ಹೋಯಿತು. ಲಸಿಕೆ ಹಾಕುವ ಕಾರ್ಯಕ್ರಮ ಉಳಿಯಿತು.

ಥೈಲ್ಯಾಂಡ್ ಇಂಥದೇ ತರಬೇತಿಯನ್ನು 1980ರಲ್ಲಿ ಆರಂಭಿಸಿತು. ನಾವು ತಡಮಾಡಿದೆವು. 1994ರಲ್ಲಿ ಸೂರತ್‌ನಲ್ಲಿ ಪ್ಲೇಗಿನ ಸುದ್ದಿ ಹಬ್ಬಿದಾಗ ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ರೋಗಕ್ಕಿಂತ ವದಂತಿಗೆ ವೇಗ ಹೆಚ್ಚಿತ್ತು. 2001ರಲ್ಲಿ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯಲ್ಲಿ ಎರಡು ವರ್ಷದ ಕ್ಷೇತ್ರ ತರಬೇತಿ ಶುರುವಾಯಿತು. 2012ರಲ್ಲಿ ದೆಹಲಿಯಲ್ಲಿ ಮತ್ತೊಂದು. ಇಂಥ ತರಬೇತಿಯಲ್ಲಿ ತರಗತಿಗಿಂತ ಹೊರಗಿನ ಕೆಲಸವೇ ಹೆಚ್ಚು.

ಕ್ಯಾಸನೂರಿನ ಆ ರೋಗಕ್ಕೆ ಮಲೆನಾಡಿನವರು ಇಟ್ಟ ಹೆಸರು ಮಂಗನ ಕಾಯಿಲೆ. ಅದು ಈಗ ಕೇರಳ, ಗೋವಾ, ಮಹಾರಾಷ್ಟ್ರಗಳಲ್ಲೂ ಕಾಣಿಸಿಕೊಂಡಿದೆ. ನೀವು ಕಾಡಂಚಿನ ಊರಿನವರಾದರೆ, ಸತ್ತ ಮಂಗ ಕಂಡಾಗ ಹತ್ತಿರ ಹೋಗಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಿ.