ನೀರು ಕುಡಿಯದ ಬಟ್ಟೆಗೆ ಬಣ್ಣ

ರಬ್ಬರ್ ಬಟ್ಟೆಯ ಚರಿತ್ರೆಯನ್ನು ಸಾಮಾನ್ಯವಾಗಿ ಮಳೆಯ ಕಡೆಯಿಂದ ಹೇಳುತ್ತಾರೆ. ನೀರು ಒಳಗಿಳಿಯದ ಕೋಟು ಬೇಕಾಗಿತ್ತು, ರಸಾಯನ ಬಲ್ಲವರು ಅದನ್ನು ಮಾಡಿಕೊಟ್ಟರು, ಬಣ್ಣ ಮತ್ತು ಚಿತ್ತಾರ ಬಹಳ ತಡವಾಗಿ ಫ್ಯಾಷನ್ನಿನವರ ಕೈಯಿಂದ ಬಂದು ಸೇರಿದವು ಎಂಬುದು ಈ ಕಥನದ ಸಾರ. ಇದರಲ್ಲಿರುವುದು ಅರ್ಧ ಸತ್ಯ. ಅದೇ ಚರಿತ್ರೆಯನ್ನು ಬಣ್ಣದ ಕಡೆಯಿಂದ ಓದಿದರೆ, ರಬ್ಬರಿನ ಗುಣವನ್ನು ಮನುಷ್ಯರಿಗೆ ಕಲಿಸಿದ್ದರಲ್ಲಿ ಅದನ್ನು ಅಲಂಕರಿಸುವ ಆಸೆಗೂ ದೊಡ್ಡ ಪಾಲಿದೆ ಎಂಬುದು ಕಾಣುತ್ತದೆ. ಉಡುಪಿಗಾಗಿ ತಯಾರಾಗುವ ಲೇಟೆಕ್ಸ್ ಹಾಳೆಯ ಮೇಲೆ ಸ್ಕ್ರೀನ್ ಪ್ರಿಂಟಿಂಗ್ ಮಾಡುವುದು ಇಂದು ಚಿಕ್ಕ ಕಸುಬೇ ಇರಬಹುದು. ಆದರೆ ಏನನ್ನೂ ಹೀರಿಕೊಳ್ಳದ, ಎಳೆದಷ್ಟೂ ಹಿಗ್ಗುವ ಮೈಯ ಮೇಲೆ ಬಣ್ಣ ನಿಲ್ಲಿಸುವುದು ಹೇಗೆ ಎಂಬ ಸುಮಾರು ಇನ್ನೂರು ವರ್ಷ ಹಳೆಯ ಪ್ರಶ್ನೆಗೆ ಸಿಕ್ಕ ಉತ್ತರ ಅದು.

ಆ ಪ್ರಶ್ನೆಯ ಬೇರು ಬಣ್ಣಗಾರರ ಮನೆಯಲ್ಲೇ ಇದೆ. ಮಳೆಕೋಟಿಗೆ ತನ್ನ ಹೆಸರನ್ನೇ ಕೊಟ್ಟ ಚಾರ್ಲ್ಸ್ ಮ್ಯಾಕಿಂಟಾಷ್‌ನ ತಂದೆ ಜಾರ್ಜ್, ಗ್ಲಾಸ್ಗೋದ ಬಣ್ಣದ ಉದ್ಯಮಿ. 1785ರಲ್ಲಿ ಫ್ರಾನ್ಸಿನ ಪಪಿಯೋನ್ ಎಂಬ ಬಣ್ಣಗಾರನ ಜೊತೆ ಸೇರಿ ಡಾಲ್ಮರ್ನಾಕ್‌ನಲ್ಲಿ ಹತ್ತಿಗೆ ಟರ್ಕಿ ಕೆಂಪು ಹಾಕುವ ಕಾರ್ಖಾನೆ ತೆರೆದವನು ಅವನು. ಮಂಜಿಷ್ಠದ ಜಾತಿಯ ಬೇರಿನಿಂದ ಬರುವ ಆ ಕೆಂಪು ಹತ್ತಿಯಲ್ಲಿ ನಿಲ್ಲಬೇಕಾದರೆ ನೂಲನ್ನು ಎಣ್ಣೆಯಲ್ಲೂ ಪಟಿಕದಲ್ಲೂ ಅದ್ದಿ ಹದಗೊಳಿಸಬೇಕು. ಪಟಿಕದಿಂದ ಕೆಂಪನ್ನು ಹತ್ತಿಗೆ ಕಟ್ಟುವ ಇದೇ ತತ್ವವನ್ನು ಕೋರಮಂಡಲ ತೀರದ ಕಲಂಕಾರಿಯವರು ಯುರೋಪಿಗಿಂತ ಎಷ್ಟೋ ಮೊದಲೇ ಬಲ್ಲವರಾಗಿದ್ದರು. ನಾರು ಬಣ್ಣವನ್ನು ಕುಡಿಯಬೇಕು, ಪಟಿಕ ಅದನ್ನು ಅಲ್ಲೇ ಕಟ್ಟಿಹಾಕಬೇಕು. ಇಂಥ ವಿದ್ಯೆಯ ನಡುವೆ ಬೆಳೆದ ಚಾರ್ಲ್ಸ್ 1823ರಲ್ಲಿ ಪಡೆದ ಪೇಟೆಂಟಿನಲ್ಲಿ ಮಾಡಿದ್ದೇನು? ಕಲ್ಲಿದ್ದಲ ಅನಿಲ ತಯಾರಿಕೆಯಲ್ಲಿ ಉಳಿಯುವ ಟಾರಿನಿಂದ ನ್ಯಾಫ್ತಾ ತೆಗೆದ, ಅದರಲ್ಲಿ ರಬ್ಬರನ್ನು ಕರಗಿಸಿದ, ಆ ಅಂಟನ್ನು ಎರಡು ಬಟ್ಟೆಗಳ ನಡುವೆ ಬಳಿದು ಒತ್ತಿಸಿದ. ಬಿಸಿಲಿಗೆ ಅಂಟಂಟಾಗುವ, ಚಳಿಗೆ ಸೆಟೆದುಕೊಳ್ಳುವ ಪದಾರ್ಥವನ್ನು ಮರೆಯಲ್ಲಿಡುವುದೇ ಜಾಣತನವಾಗಿತ್ತು. ಅದರ ಪರಿಣಾಮವೆಂದರೆ, ಬಣ್ಣ ಹೊರಗಿನ ಬಟ್ಟೆಯ ಪಾಲಾಯಿತು, ರಬ್ಬರು ಬಣ್ಣವಿಲ್ಲದೆ ಒಳಗುಳಿಯಿತು.

ಹಾಗೆ ಬೇರ್ಪಡಿಸಿದ ಮಾತ್ರಕ್ಕೆ ಎರಡಕ್ಕೂ ಸಂಬಂಧ ಕಡಿಯಲಿಲ್ಲ. ಉಣ್ಣೆಯಲ್ಲಿ ಉಳಿದ ಜಿಡ್ಡು ಒಳಗಿನ ರಬ್ಬರನ್ನು ಕೆಡಿಸುತ್ತಿತ್ತು. ಬಣ್ಣ ಹಾಕುವಾಗ ಬಳಸಿದ ತಾಮ್ರದ ಲವಣದ ಅಂಶ ಬಟ್ಟೆಯಲ್ಲಿ ಉಳಿದಿದ್ದರೆ ರಬ್ಬರು ಬೇಗನೆ ಹಾಳಾಗುತ್ತಿತ್ತು. ಮ್ಯಾಕಿಂಟಾಷ್‌ನ ಕಾರ್ಖಾನೆ ಬೆಳೆದ ಮ್ಯಾಂಚೆಸ್ಟರಿನಲ್ಲೇ, 19ನೇ ಶತಮಾನದ ಕೊನೆಯ ಹೊತ್ತಿಗೆ, ರಸಾಯನ ತಜ್ಞರು ತಾಮ್ರದ ಈ ಕಾಟವನ್ನು ಪರೀಕ್ಷಿಸಿ ದಾಖಲಿಸಿದರು. ಇಂದಿಗೂ ರಬ್ಬರ್ ಉದ್ಯಮ ತಾಮ್ರ ಮತ್ತು ಮ್ಯಾಂಗನೀಸನ್ನು ದೂರವಿಡುತ್ತದೆ. ಮಳೆಕೋಟು ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಬಣ್ಣಗಾರನ ತೊಟ್ಟಿಯೂ ನಿರ್ಧರಿಸುತ್ತಿತ್ತು ಎಂದಮೇಲೆ, ಬಣ್ಣವನ್ನು ಈ ಚರಿತ್ರೆಯ ಕೊನೆಯ ಅಧ್ಯಾಯಕ್ಕೆ ತಳ್ಳುವುದು ಸರಿಯಾಗದು.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್‌ನ ಬದುಕಿನಲ್ಲಿದೆ. 1830ರ ದಶಕದಲ್ಲಿ ಅವನು ರಬ್ಬರ್ ಬಟ್ಟೆಗೆ ಕಂಚಿನ ಪುಡಿಯ ಅಲಂಕಾರ ಮಾಡುತ್ತಿದ್ದ. ಒಂದು ತುಂಡಿನ ಮೇಲಿನ ಕಂಚನ್ನು ತೆಗೆಯಲು ನೈಟ್ರಿಕ್ ಆಮ್ಲ ಹಚ್ಚಿದಾಗ ತುಂಡು ಕಪ್ಪಾಯಿತು, ಕೆಟ್ಟಿತೆಂದು ಎಸೆದ. ಆಮೇಲೆ ಮತ್ತೆ ಎತ್ತಿ ನೋಡಿದರೆ ಅದರ ಮೈಯ ಅಂಟು ಹೋಗಿತ್ತು. 1837ರಲ್ಲಿ ಅವನು ಪೇಟೆಂಟ್ ಪಡೆದ ಆಮ್ಲದ ವಿಧಾನ ಹುಟ್ಟಿದ್ದು ಹೀಗೆ. ರಬ್ಬರಿನ ಸ್ವಭಾವವನ್ನೇ ಬದಲಿಸಬಹುದು ಎಂಬ ನಂಬಿಕೆಗೆ ಬಲ ಕೊಟ್ಟದ್ದು ಒಂದು ಅಲಂಕಾರದ ಕೆಲಸ. ಇದಕ್ಕೆ ಆಕ್ಷೇಪ ಉಂಟು. ಆಮ್ಲ ಮೇಲ್ಪದರವನ್ನಷ್ಟೇ ಹದಗೊಳಿಸುತ್ತಿತ್ತು, ಆ ವಿಧಾನದಿಂದ ಸರ್ಕಾರಕ್ಕಾಗಿ ಮಾಡಿದ ಅಂಚೆ ಚೀಲಗಳು ಬಿಸಿಗೆ ಕರಗಿ ಹೋದವು, ನಿಜವಾದ ಪರಿಹಾರ ಬಂದದ್ದು 1839ರಲ್ಲಿ ಗಂಧಕ ಮತ್ತು ಶಾಖದಿಂದ, ಅದಕ್ಕೂ ಅಲಂಕಾರಕ್ಕೂ ಸಂಬಂಧವಿಲ್ಲ ಎನ್ನಬಹುದು. ಗಂಧಕದ ಶ್ರೇಯಸ್ಸನ್ನು ಕಂಚಿಗೆ ಕೊಡಲಾಗದು, ಒಪ್ಪಬೇಕಾದ ಮಾತು. ಆದರೆ ಅಂಚೆ ಚೀಲ ಕರಗಿದ್ದರಿಂದಲೇ ಮೇಲ್ಮೈ ಗಟ್ಟಿಯಾದರೆ ಸಾಲದು, ಒಳಗೂ ಹದವಾಗಬೇಕು ಎಂಬುದು ಸ್ಪಷ್ಟವಾಯಿತು. ಗಂಧಕದ ಪ್ರಯೋಗಗಳ ಎದುರು ನಿಂತಿದ್ದ ಪ್ರಶ್ನೆ ಅದೇ. ಉತ್ತರ ಬೇರೆ ಕಡೆಯಿಂದ ಬಂದಿರಬಹುದು, ಪ್ರಶ್ನೆಯ ರೂಪ ತಿದ್ದಿದ್ದು ಆ ಕೆಟ್ಟ ತುಂಡು.

1844ರಲ್ಲಿ ಗಂಧಕದ ವಿಧಾನಕ್ಕೆ ಪೇಟೆಂಟ್ ಸಿಕ್ಕ ಮೇಲೂ ಗುಡ್‌ಇಯರ್ ಅಲಂಕಾರದ ಹಂಬಲ ಬಿಡಲಿಲ್ಲ. ತನ್ನ ಗ್ರಂಥದ ಪ್ರತಿಯನ್ನು ರಬ್ಬರ್ ಹಾಳೆಗಳ ಮೇಲೇ ಅಚ್ಚು ಹಾಕಿಸಿದ. ಚಿತ್ರಕಾರ ಜಾರ್ಜ್ ಹೀಲಿ ಅವನ ಭಾವಚಿತ್ರವನ್ನು ಗಟ್ಟಿ ರಬ್ಬರಿನ ಫಲಕದ ಮೇಲೆ ಬರೆದ. ಈ ಎರಡೂ ಗೆಲುವುಗಳ ಮಿತಿಯನ್ನು ಗಮನಿಸಬೇಕು. ಪುಸ್ತಕದ ಪುಟವನ್ನು ಯಾರೂ ಎಳೆಯುವುದಿಲ್ಲ, ಗಟ್ಟಿ ರಬ್ಬರ್ ಹಿಗ್ಗುವುದೇ ಇಲ್ಲ. ಹಿಗ್ಗುವ ಗುಣವನ್ನು ಬದಿಗಿಟ್ಟ ಕಡೆ ಮಾತ್ರ ರಬ್ಬರು ಚಿತ್ರಕ್ಕೆ ಮೈಕೊಟ್ಟಿತ್ತು. ಉಡುಪಿಗೆ ಅದು ಸಾಲದು. ಮೊಣಕೈ ಮಡಿಸಿದಾಗ, ಭುಜ ಎತ್ತಿದಾಗ ಹಾಳೆ ಹಿಗ್ಗುತ್ತದೆ. ಮೇಲಿನ ಒಣ ಬಣ್ಣ ಹಿಗ್ಗದಿದ್ದರೆ ಬಿರುಕುಬಿಟ್ಟು ಉದುರುತ್ತದೆ. ಗಂಧಕದಿಂದ ಹದವಾದ ರಬ್ಬರು ಮಳೆಗೆ ಮೈ ಕೊಡದಂತೆ ಶಾಯಿಗೂ ಮೈ ಕೊಡುವುದಿಲ್ಲ.

ದಾರಿ ಯಾವ ಕಡೆ ಇದೆ ಎಂಬುದಕ್ಕೆ ಗ್ಲಾಸ್ಗೋಗಿಂತ ಬಹಳ ಹಿಂದಿನ ಸುಳಿವೊಂದು ಮೆಕ್ಸಿಕೋದಲ್ಲಿತ್ತು. 16ನೇ ಶತಮಾನದಲ್ಲಿ ಬರ್ನಾರ್ಡಿನೋ ದೆ ಸಹಾಗುನ್ ಅಲ್ಲಿನ ಜನರಿಂದ ಕೇಳಿ ಬರೆಸಿದ ದಾಖಲೆಗಳಲ್ಲಿ, ಮಳೆಯ ದೇವರು ತ್ಲಾಲೋಕನ ಪೂಜೆಗೆ ಮರದ ತೊಗಟೆಯ ಕಾಗದದ ಪತಾಕೆ ಮತ್ತು ಉಡುಗೆಗಳ ಮೇಲೆ ದ್ರವ ರಬ್ಬರನ್ನು ಚಿಮುಕಿಸಿ ಚುಕ್ಕೆ ಇಡುತ್ತಿದ್ದ ವಿವರ ಬರುತ್ತದೆ. ಅಲ್ಲಿ ರಬ್ಬರು ಬಟ್ಟೆಯಲ್ಲ, ಅದೇ ಶಾಯಿ. ಯುರೋಪಿನವರು ರಬ್ಬರಿಗೆ ತಕ್ಕ ಬಣ್ಣ ಹುಡುಕುವ ಮೊದಲೇ ರಬ್ಬರು ಬಣ್ಣವಾಗಿ ದುಡಿದಿತ್ತು. ಮೆಕ್ಸಿಕೋದ ಆಚರಣೆಗೂ ಇಂದಿನ ಕಾರ್ಯಾಗಾರಕ್ಕೂ ನೇರ ಪರಂಪರೆ ಇದೆ ಎಂದು ಇಲ್ಲಿ ವಾದಿಸುತ್ತಿಲ್ಲ. ಆದರೆ ರಬ್ಬರಿನ ಮೇಲೆ ನಿಲ್ಲುವ ಬಣ್ಣದೊಳಗೂ ರಬ್ಬರಿರಬೇಕು ಎಂಬ ಇಂದಿನ ತಿಳಿವಳಿಕೆಗೆ ಬೇಕಾದ ಅರ್ಧ ಭಾಗ ಅಲ್ಲಿತ್ತು.

ಉಳಿದರ್ಧ ಅಚ್ಚಿನ ವಿಧಾನದ್ದು. 18ನೇ ಶತಮಾನದ ಕೊನೆಯಿಂದ ಬ್ರಿಟನ್ನಿನ ಗಿರಣಿಗಳು ಕೊರೆದ ತಾಮ್ರದ ರೋಲರುಗಳಿಂದ ಬಟ್ಟೆಗೆ ಅಚ್ಚು ಹಾಕುತ್ತಿದ್ದವು. ತೆಳು ಬಣ್ಣವನ್ನು ಒತ್ತಿದ ಕೂಡಲೇ ಕುಡಿಯುವ ಬಟ್ಟೆಗೆ ಆ ಯಂತ್ರ ಸರಿ. ಹಿಗ್ಗುವ ಹಾಳೆಯನ್ನು ರೋಲರು ಎಳೆದು ಒತ್ತಿದರೆ ಚಿತ್ರ ಸೊಟ್ಟಗಾಗುತ್ತದೆ, ಎರಡನೆಯ ಬಣ್ಣ ಮೊದಲನೆಯದರ ಜಾಗಕ್ಕೆ ಕೂರುವುದಿಲ್ಲ. ಜಪಾನಿನ ಕಟಗಾಮಿ ಸ್ಟೆನ್ಸಿಲ್ ಬೇರೆ ದಾರಿ ಹಿಡಿದಿತ್ತು. ಹಲಸಿನ ಬಳಗಕ್ಕೇ ಸೇರಿದ ಗಿಡವೊಂದರ ನಾರಿನ ಕಾಗದವನ್ನು ಪರ್ಸಿಮನ್ ಕಾಯಿಯ ಒಗರು ರಸದಿಂದ ಗಟ್ಟಿ ಮಾಡಿ ಚಿತ್ತಾರ ಕತ್ತರಿಸುತ್ತಿದ್ದರು; ಉಂಗುರದ ನಡುವಿನ ಬಿಲ್ಲೆಯಂಥ ಬಿಡಿ ತುಣುಕು ಕಳಚಿ ಬೀಳದಂತೆ ಸಪೂರ ರೇಷ್ಮೆ ಎಳೆಗಳಿಂದ ಹಿಡಿಸುತ್ತಿದ್ದರು. ಎಳೆಗಳ ಬದಲು ಇಡೀ ಚೌಕಟ್ಟಿಗೆ ರೇಷ್ಮೆಯ ಜಾಳಿಗೆಯನ್ನೇ ಬಿಗಿದರೆ ಬಿಡಿ ತುಣುಕಿನ ತೊಡಕೇ ಇಲ್ಲ. ಇಂಥ ವಿಧಾನಕ್ಕೆ 1907ರಲ್ಲಿ ಪೇಟೆಂಟ್ ಪಡೆದವನು ಸ್ಯಾಮುಯಲ್ ಸೈಮನ್, ಅವನ ಊರೂ ಮ್ಯಾಂಚೆಸ್ಟರ್. ನಮ್ಮ ಊರುಗಳಲ್ಲಿ ಮದುವೆ ಕರೆಯೋಲೆ ಅಚ್ಚು ಹಾಕುವ ಅಂಗಡಿಗಳು ಇಂದಿಗೂ ಬಳಸುವುದು ಈ ತತ್ವವನ್ನೇ. ಹಾಳೆ ಮೇಜಿನ ಮೇಲೆ ಅಲುಗದೆ ಮಲಗಿರುತ್ತದೆ, ಶಾಯಿ ಜಾಳಿಗೆಯ ಕಣ್ಣುಗಳಿಂದ ಇಳಿದು ದಪ್ಪ ಪದರವಾಗಿ ಕೂರುತ್ತದೆ. ಎಳೆತವಿಲ್ಲದಿರುವುದು, ಪದರ ದಪ್ಪವಾಗಿರುವುದು, ರಬ್ಬರಿಗೆ ಬೇಕಾದದ್ದು ಈ ಎರಡೇ.

1920ರ ದಶಕದಲ್ಲಿ, ಅಮೋನಿಯಾ ಬೆರೆಸಿ ಹೆಪ್ಪುಗಟ್ಟದಂತೆ ಮಾಡಿದ ರಬ್ಬರ್ ಹಾಲು ಹಡಗುಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಸಾಗತೊಡಗಿತು. ಅದರಿಂದ ನೇರವಾಗಿ ತೆಳುವಾದ, ಸಮನಾದ ಹಾಳೆ ಎರೆಯುವುದು ಸಾಧ್ಯವಾಯಿತು. 1957ರಲ್ಲಿ ಲಂಡನ್ನಿನ ಜಾನ್ ಸಟ್‌ಕ್ಲಿಫ್ ಆಟಮ್‌ಏಜ್ ಹೆಸರಿನಲ್ಲಿ ಉಡುಪು ತಯಾರಿಕೆ ಆರಂಭಿಸಿದ. 1974ರ ಹೊತ್ತಿಗೆ ವಿವಿಯನ್ ವೆಸ್ಟ್‌ವುಡ್ ಮತ್ತು ಮಾಲ್ಕಂ ಮೆಕ್ಲಾರೆನ್ ಕಿಂಗ್ಸ್ ರೋಡಿನ ತಮ್ಮ ಅಂಗಡಿಯಲ್ಲಿ ರಬ್ಬರ್ ಉಡುಪನ್ನು ಬೀದಿಯ ಕಣ್ಣಿಗೆ ತಂದರು. 2009ರಲ್ಲಿ ಲೇಡಿ ಗಾಗಾ ಬ್ರಿಟನ್ನಿನ ರಾಣಿಯ ಎದುರು ತೊಟ್ಟ ಕೆಂಪು ಲೇಟೆಕ್ಸ್ ಗೌನನ್ನು ರೂಪಿಸಿದ ಅಟ್ಸುಕೋ ಕುಡೋ, ಲೇಸಿನಂತೆ ಕಾಣುವ ಅಚ್ಚಿನ ಲೇಟೆಕ್ಸಿಗೆ ಹೆಸರಾದವರು. ಇಷ್ಟಕ್ಕೆ ಅಚ್ಚೇ ಏಕೆ, ಬೇರೆ ಬೇರೆ ಬಣ್ಣದ ಹಾಳೆಗಳನ್ನು ಕತ್ತರಿಸಿ ಅಂಟಿಸಿದರೆ ಸಾಲದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಗಲ ಪಟ್ಟಿಗೆ, ದೊಡ್ಡ ಹೂವಿಗೆ ಕತ್ತರಿ ಸಾಕು. ಲೇಸಿನ ಸಾವಿರಾರು ಸಣ್ಣ ಕಣ್ಣುಗಳಿಗೆ ಕತ್ತರಿ ನಡೆಯದು, ಅಂಟಿಸಿದ ಪ್ರತಿ ತುಂಡೂ ಆ ಜಾಗವನ್ನು ದಪ್ಪವಾಗಿಸಿ ಹಿಗ್ಗುವಿಕೆಯನ್ನು ಕುಗ್ಗಿಸುತ್ತದೆ. ಅಚ್ಚಿನ ಶಾಯಿಯೊಳಗೂ ರಬ್ಬರಿದ್ದರೆ ಚಿತ್ತಾರ ಹಾಳೆಯ ಜೊತೆಗೇ ಹಿಗ್ಗಿ ಜೊತೆಗೇ ಕುಗ್ಗುತ್ತದೆ. ಹಾಗೆಂದು ಅದು ಸಲೀಸಾದ ಕೆಲಸವಲ್ಲ. ಶಾಯಿಯ ದ್ರಾವಕ ತಾಗಿದ ಕಡೆ ಹಾಳೆ ಉಬ್ಬಿ ಸುರುಳುತ್ತದೆ, ಮೇಲಿನ ಪುಡಿ ಮತ್ತು ಜಿಡ್ಡನ್ನು ಪೂರ್ತಿ ತೆಗೆಯದಿದ್ದರೆ ಬಣ್ಣ ಹಿಡಿಯುವುದಿಲ್ಲ, ಬೇಗ ಒಣಗುವ ಶಾಯಿ ಜಾಳಿಗೆಯ ಕಣ್ಣನ್ನೇ ಮುಚ್ಚುತ್ತದೆ.

ಕೆಲವೇ ಜನ ತೊಡುವ ಉಡುಪಿಗಾಗಿ ಇಷ್ಟು ಮಾತೇಕೆ ಎನ್ನುವವರೂ ಇರುತ್ತಾರೆ. ಹುಟ್ಟುಹಬ್ಬದ ಬಲೂನಿನ ಮೇಲಿನ ಅಕ್ಷರ, ಈಜುಟೋಪಿಯ ಮೇಲಿನ ಗುರುತು, ಹಿಗ್ಗುವ ಬನಿಯನ್ನಿನ ಎದೆಯ ಮೇಲಿನ ಚಿತ್ರ, ಇವೆಲ್ಲ ಎದುರಿಸುವುದು ಹಿಗ್ಗುವ ಮೈ ಮತ್ತು ಹಿಗ್ಗಬೇಕಾದ ಬಣ್ಣದ ಇದೇ ಸಮಸ್ಯೆಯನ್ನು. ಇನ್ನೊಂದು ಕಾರಣ ಇದಕ್ಕಿಂತ ತುರ್ತಿನದು. ಗಾಳಿ, ಬೆಳಕು, ಓಜೋನ್ ತಾಗಿ ನೈಸರ್ಗಿಕ ರಬ್ಬರು ತಾನಾಗಿ ಜಿಗುಟಾಗುತ್ತದೆ ಇಲ್ಲವೇ ಪುಡಿಯಾಗುತ್ತದೆ. ವಸ್ತುಸಂಗ್ರಹಾಲಯಗಳ ಪೆಟ್ಟಿಗೆಯೂ ಅದನ್ನು ಬಹುಕಾಲ ಕಾಪಾಡಲಾರದು. ಕಲಂಕಾರಿಯ ಹಳೆಯ ತುಂಡನ್ನು ಪರೀಕ್ಷಿಸಿ ಅದರ ಕೆಂಪನ್ನು ಇಂದಿಗೂ ಓದಬಹುದು, ಅಚ್ಚಿನ ಲೇಟೆಕ್ಸಿಗೆ ಆ ಭಾಗ್ಯವಿಲ್ಲ. ಆದ್ದರಿಂದ ಯಾವ ಶಾಯಿಗೆ ಯಾವ ದ್ರಾವಕ, ಎಷ್ಟು ಒತ್ತಿನ ಜಾಳಿಗೆ, ಯಾವ ಬಣ್ಣದ ಪುಡಿ ರಬ್ಬರನ್ನು ಕೆಡಿಸುತ್ತದೆ ಎಂಬ ಕುಶಲಕರ್ಮಿಗಳ ಅನುಭವವನ್ನು ಈಗಲೇ ಬರೆದಿಡಬೇಕು, ಅದನ್ನು ಫ್ಯಾಷನ್ನಿನ ಅಡಿಟಿಪ್ಪಣಿಯಾಗಿ ಬಿಡದೆ ಬಣ್ಣಗಾರಿಕೆಯ ಮುಖ್ಯ ಚರಿತ್ರೆಯಲ್ಲೇ ಸೇರಿಸಬೇಕು. ಬಟ್ಟೆ ಉಳಿಯುವುದಿಲ್ಲವೆಂದು ಗೊತ್ತಿದ್ದ ಮೇಲೆ ವಿದ್ಯೆಯನ್ನಾದರೂ ಉಳಿಸಿಕೊಳ್ಳುವುದು ನಮ್ಮ ಕಾಲದ ಹೊಣೆ.